ಓದುಗರ ಪ್ರಶ್ನೆ: ಹಾಡು ಯಾರದ್ದು, ಪಕ್ಷ ಯಾವುದು?

ಕಳೆದ ಸಂಚಿಕೆಯಲ್ಲಿ ಅಮೆರಿಕದ ಹಾಡುಗಾರ ಪೀಟ್ ಸೀಗರ್ (1919–2014) ಬಗ್ಗೆ ಅರ್ಧ ಪುಟ ಬರೆದಿದ್ದೆ. ಐದು ತಂತಿಯ ಬ್ಯಾಂಜೋ ಹಿಡಿದು, ಜನಪದ ಮಟ್ಟಿನಲ್ಲಿ ಹಾಡು ಕಟ್ಟಿ, ಕಾರ್ಮಿಕರ ಸಭೆಯಿಂದ ನದಿ ಉಳಿಸುವ ಹೋರಾಟದ ತನಕ ಎಲ್ಲ ಕಡೆ ಹಾಡಿದ ಮನುಷ್ಯ. ಅರ್ಧ ಪುಟಕ್ಕೆ ಇಷ್ಟು ಪತ್ರ ಬರುತ್ತವೆ ಅಂತ ಎಣಿಸಿರಲಿಲ್ಲ. ಬರೀ ಹೊಗಳಿಕೆ, ಬರೀ ಬೈಗುಳ ಎರಡನ್ನೂ ಬದಿಗಿಟ್ಟು ಪ್ರಶ್ನೆ ಇರುವ ಪತ್ರಗಳನ್ನು ಮಾತ್ರ ಆರಿಸಿದ್ದೇನೆ. ಹೆಸರು ಹಾಕಬೇಡಿ ಅಂತ ಕೆಲವರು ಕೇಳಿದ್ದರಿಂದ ಎಲ್ಲರ ಊರು ಮಾತ್ರ ಹಾಕಿದ್ದೇನೆ.

ಶಾಲೆಯಲ್ಲಿ ಹಾಡುತ್ತಿದ್ದ ‘ಹಮ್ ಹೋಂಗೇ ಕಾಮ್‌ಯಾಬ್’ ಮೂಲದಲ್ಲಿ ಸೀಗರ್ ಬರೆದದ್ದು ಅಂತ ನಮ್ಮ ಮಾಸ್ಟ್ರು ಹೇಳಿದ್ದರು. ಅಲ್ಲ ಅಂತ ಈಗ ಯಾರೋ ವಿಡಿಯೋ ಮಾಡಿದ್ದಾರೆ. ಯಾರದ್ದು ಸರಿ? — ಕುಂಬಳೆ

ಇಬ್ಬರ ಮಾತಿನಲ್ಲೂ ಸ್ವಲ್ಪ ಸ್ವಲ್ಪ ನಿಜ ಇದೆ. ಹಿಂದಿಯ ಸಾಲುಗಳು ಕವಿ ಗಿರಿಜಾಕುಮಾರ್ ಮಾಥುರ್ ಅವರದ್ದು. ಇಂಗ್ಲಿಷಿನ ಮೂಲ ಹಾಡು ‘ವಿ ಶಲ್ ಓವರ್‌ಕಮ್’, ಅದನ್ನು ಸೀಗರ್ ಒಬ್ಬರೇ ಕೂತು ಬರೆಯಲಿಲ್ಲ. ಅದರ ಬೇರು ಅಮೆರಿಕದ ಕಪ್ಪು ಜನರ ಚರ್ಚಿನ ಹಾಡುಗಳಲ್ಲಿದೆ.

1945ರಲ್ಲಿ ದಕ್ಷಿಣ ಕೆರೊಲಿನಾದ ಚಾರ್ಲ್ಸ್‌ಟನ್ ಊರಿನ ಒಂದು ಸಿಗಾರ್ ಕಾರ್ಖಾನೆಯಲ್ಲಿ ಮುಷ್ಕರ ಶುರುವಾಯಿತು. ಮುಂದೆ ನಿಂತವರಲ್ಲಿ ಕಪ್ಪು ಹೆಂಗಸರು ಜಾಸ್ತಿ. ಸಂಜೆ ಹೊತ್ತು ಅವರು ಈ ಹಾಡು ಹೇಳಿಕೊಳ್ಳುತ್ತಿದ್ದರು. ಮೊರದಲ್ಲಿ ಎಲೆ-ತಂಬಾಕು ಇಟ್ಟುಕೊಂಡು ಬೀಡಿ ಕಟ್ಟಿದ ನಮ್ಮ ಕಡೆಯ ಹೆಂಗಸರಿಗೆ ಈ ಕತೆ ಬಿಡಿಸಿ ಹೇಳಬೇಕಾಗಿಲ್ಲ. ಅಲ್ಲಿಂದ ಹಾಡು ಟೆನೆಸಿಯ ಹೈಲ್ಯಾಂಡರ್ ಜಾನಪದ ಶಾಲೆಗೆ ಹೋಯಿತು. ಅದು ಕಾರ್ಮಿಕ ಸಂಘದವರಿಗೆ ತರಬೇತಿ ಕೊಡುತ್ತಿದ್ದ ಜಾಗ. ಅಲ್ಲಿ ಹಾಡು ಕಲಿಸುತ್ತಿದ್ದ ಜಿಲ್ಫಿಯಾ ಹಾರ್ಟನ್ ಇದನ್ನು 1947ರಲ್ಲಿ ಸೀಗರ್‌ಗೆ ಕಲಿಸಿದರು. ಸೀಗರ್ ಒಂದೆರಡು ಮಾತು ಬದಲಿಸಿದರು, ಚರಣ ಸೇರಿಸಿದರು. 1960ರಲ್ಲಿ ಗೈ ಕ್ಯಾರವಾನ್ ಎಂಬ ಇನ್ನೊಬ್ಬ ಹಾಡುಗಾರ ಇದನ್ನು ವರ್ಣಭೇದದ ವಿರುದ್ಧ ಹೋರಾಡುತ್ತಿದ್ದ ವಿದ್ಯಾರ್ಥಿಗಳಿಗೆ ಕಲಿಸಿದ ಮೇಲೆ ಅದು ಇಡೀ ಚಳವಳಿಯ ಹಾಡಾಯಿತು.

ನನಗೆ ಇದರಲ್ಲಿ ಇಷ್ಟವಾದದ್ದು ದುಡ್ಡಿನ ವಿಷಯ. ಹಾಡಿನ ಹಕ್ಕನ್ನು ಸೀಗರ್, ಕ್ಯಾರವಾನ್, ಹಾರ್ಟನ್ ಮತ್ತು ಫ್ರಾಂಕ್ ಹ್ಯಾಮಿಲ್ಟನ್ ಹೆಸರಲ್ಲಿ ನೋಂದಾಯಿಸಿದರು. ಆದರೆ ಬಂದ ಗೌರವಧನವನ್ನು ಕಿಸೆಗೆ ಹಾಕಿಕೊಳ್ಳಲಿಲ್ಲ. ದಕ್ಷಿಣದ ಕಪ್ಪು ಸಮುದಾಯಗಳ ಕೆಲಸಕ್ಕೆಂದು ಒಂದು ನಿಧಿ ಮಾಡಿ ಅದಕ್ಕೆ ಬಿಟ್ಟರು. ಆಮೇಲೆ ಕೋರ್ಟು ವ್ಯಾಜ್ಯವೆಲ್ಲ ಆಗಿ 2018ರಿಂದ ಹಾಡು ಯಾರು ಬೇಕಾದರೂ ಬಳಸಬಹುದಾದ ಸೊತ್ತು. ಹಾಗಾಗಿ ನಿಮ್ಮ ಮಾಸ್ಟ್ರಿಗೆ ಹೇಳಿ, ಸೀಗರ್ ಅದನ್ನು ಹೊತ್ತು ತಿರುಗಿದವರು.

ನೀವು ಬರೆದ ಸೀಗರ್ ಕಮ್ಯುನಿಸ್ಟ್. ಪಕ್ಷದ ಹಾಡುಗಾರನಿಗೆ ಜನಪದ ಹಾಡುಗಾರ ಅಂತ ಬಿರುದು ಯಾಕೆ? ಚುನಾವಣೆ ಬಂದರೆ ಜೀಪಿಗೆ ಮೈಕ್ ಕಟ್ಟಿ, ಸಿನಿಮಾ ಮಟ್ಟಿಗೆ ಅಭ್ಯರ್ಥಿಯ ಹೆಸರು ಸೇರಿಸಿ ಬೊಬ್ಬೆ ಹಾಕುವವರನ್ನು ಕೇಳಿ ಕೇಳಿ ನಮಗೆ ಕಿವಿ ನೋವು. — ನಿವೃತ್ತ ಅಧ್ಯಾಪಕ, ಮಂಜೇಶ್ವರ

ಮಾಸ್ಟ್ರೇ, ಕಿವಿ ನೋವಿನ ವಿಷಯದಲ್ಲಿ ನಾನು ನಿಮ್ಮ ಜೊತೆ. ಉಳಿದದ್ದಕ್ಕೆ ಸ್ವಲ್ಪ ಉದ್ದದ ಉತ್ತರ ಬೇಕು.

ಹೌದು, ಸೀಗರ್ 1940ರ ದಶಕದಲ್ಲಿ ಪಕ್ಷದ ಸದಸ್ಯರಾಗಿದ್ದರು, ಆ ದಶಕ ಮುಗಿಯುವ ಹೊತ್ತಿಗೆ ಹೊರಗೆ ಬಂದರು. ಪಕ್ಷ ಹೇಳಿದಂತೆ ಹಾಡಿದರೆ ಏನಾಗುತ್ತದೆ ಅನ್ನುವುದಕ್ಕೆ ಒಳ್ಳೆ ಉದಾಹರಣೆಯೂ ಅವರೇ. 1941ರಲ್ಲಿ ಅವರಿದ್ದ ಅಲ್ಮನಾಕ್ ಸಿಂಗರ್ಸ್ ಎಂಬ ತಂಡ ಯುದ್ಧ ಬೇಡ ಅನ್ನುವ ಹಾಡುಗಳ ಒಂದು ರೆಕಾರ್ಡ್ ತಂದಿತು. ಆಗ ಹಿಟ್ಲರನಿಗೂ ಸ್ಟಾಲಿನ್‌ಗೂ ಒಪ್ಪಂದ ಇದ್ದ ಕಾಲ. ಅದೇ ಜೂನಿನಲ್ಲಿ ಹಿಟ್ಲರ್ ರಷ್ಯಾದ ಮೇಲೆ ಬಿದ್ದ. ರೆಕಾರ್ಡನ್ನು ಹಿಂದಕ್ಕೆ ತೆಗೆದುಕೊಂಡರು, ಸ್ವಲ್ಪ ದಿನದಲ್ಲೇ ಅದೇ ಬಾಯಲ್ಲಿ ಯುದ್ಧಕ್ಕೆ ಹೋಗೋಣ ಅನ್ನುವ ಹಾಡು ಬಂತು. ಆ ರೆಕಾರ್ಡನ್ನು ಈಗ ಇತಿಹಾಸ ಓದುವವರು ಬಿಟ್ಟರೆ ಯಾರೂ ಕೇಳುವುದಿಲ್ಲ. ಸ್ಟಾಲಿನ್ ಎಷ್ಟು ಕ್ರೂರಿ ಅಂತ ತನಗೆ ಬೇಗ ಕಾಣಲಿಲ್ಲ ಅಂತ ಸೀಗರ್ ಆಮೇಲೆ ಬಾಯಿಬಿಟ್ಟು ಹೇಳಿದರು, 2007ರಲ್ಲಿ ಸ್ಟಾಲಿನ್ ವಿರುದ್ಧ ಹಾಡನ್ನೇ ಬರೆದರು. ತಡವಾಯಿತು ಅಂತ ನೀವು ಹೇಳಿದರೆ ನಾನು ವಾದಕ್ಕೆ ಬರುವುದಿಲ್ಲ.

ಆದರೆ ಇನ್ನೊಂದು ಬದಿ ನೋಡಿ. 1950ರಲ್ಲಿ ಅವರ ವೀವರ್ಸ್ ತಂಡದ ಹಾಡು ಅಮೆರಿಕದಲ್ಲಿ ವಾರಗಟ್ಟಲೆ ಮೊದಲ ಸ್ಥಾನದಲ್ಲಿತ್ತು. ದುಡ್ಡು, ಹೆಸರು ಎರಡೂ ಇತ್ತು. ಕಮ್ಯುನಿಸ್ಟರನ್ನು ದೂರ ಇಡುವ ಕಪ್ಪುಪಟ್ಟಿಗೆ ಹೆಸರು ಸೇರಿದ ಮೇಲೆ ರೇಡಿಯೊ, ಟಿವಿ, ದೊಡ್ಡ ಸಭಾಂಗಣ ಎಲ್ಲ ಬಂದ್. 1955ರ ಆಗಸ್ಟಿನಲ್ಲಿ ಸಂಸತ್ತಿನ ವಿಚಾರಣಾ ಸಮಿತಿ ಕರೆಯಿತು: ಯಾವ ಪಕ್ಷ, ಯಾರ ಸಭೆಯಲ್ಲಿ ಹಾಡಿದೆ, ಜೊತೆಗೆ ಯಾರಿದ್ದರು? ತನ್ನ ಮೇಲೆ ತಾನೇ ಸಾಕ್ಷಿ ಹೇಳಬೇಕಾಗಿಲ್ಲ ಅನ್ನುವ ಕಾನೂನಿನ ಹಿಂದೆ ಅಡಗಿಕೊಳ್ಳಬಹುದಿತ್ತು, ತುಂಬಾ ಜನ ಹಾಗೇ ಮಾಡಿ ಪಾರಾದರು. ಸೀಗರ್ ಹಾಗೆ ಮಾಡಲಿಲ್ಲ. ಒಬ್ಬ ಮನುಷ್ಯನ ನಂಬಿಕೆ, ಅವನು ಹಾಕಿದ ಮತ, ಇದನ್ನೆಲ್ಲ ಕೇಳುವ ಹಕ್ಕೇ ನಿಮಗಿಲ್ಲ, ಬೇಕಾದರೆ ನನ್ನ ಹಾಡುಗಳ ಬಗ್ಗೆ ಹೇಳುತ್ತೇನೆ ಅಂದರು. 1961ರಲ್ಲಿ ಒಂದು ವರ್ಷದ ಜೈಲು ಶಿಕ್ಷೆ ಘೋಷಣೆಯಾಯಿತು. 1962ರಲ್ಲಿ ಮೇಲಿನ ಕೋರ್ಟು ಅದನ್ನು ತಳ್ಳಿಹಾಕಿತು.

ಆ ವರ್ಷಗಳಲ್ಲೆಲ್ಲ ಅವರು ಶಾಲೆ, ಕಾಲೇಜು, ಮಕ್ಕಳ ಶಿಬಿರಗಳಿಗೆ ಹೋಗಿ ಹಾಡಿದರು. ಟಿವಿಯವರು ಬಾಗಿಲು ಹಾಕಿದ್ದರಿಂದ ಒಂದು ಇಡೀ ತಲೆಮಾರಿನ ಹುಡುಗರಿಗೆ ಬ್ಯಾಂಜೋ ಹಿಡಿಯುವುದು ಹೇಗೆ ಅಂತ ಎದುರೆದುರು ಕಲಿಸಿದ ಹಾಗಾಯಿತು. ಬಾಗಿಲು ಹಾಕಿದವರಿಗೆ ಈ ಲೆಕ್ಕ ಹೊಳೆದಿರಲಿಕ್ಕಿಲ್ಲ. ಜೀಪಿನ ಮೇಲಿನ ಹಾಡುಗಾರನಿಗೂ ಇವರಿಗೂ ನಾನು ಕಾಣುವ ವ್ಯತ್ಯಾಸ ಇಷ್ಟೇ: ಮೈಕ್ ಕಿತ್ತುಕೊಂಡ ಮೇಲೂ ಇವರು ಹಾಡಿದರು, ಜನ ಜೊತೆಗೆ ಹಾಡಿದರು.

ಸೀಗರ್ ಅವರ ಬ್ಯಾಂಜೋ ಮತ್ತು ನಮ್ಮ ಗಣಪತಿ ಮೆರವಣಿಗೆಯ ಬ್ಯಾಂಜೋ ಒಂದೇ ಏನ್ರೀ? — ಸೊಲ್ಲಾಪುರ

ಅಲ್ಲ. ನಿಮ್ಮ ಮೆರವಣಿಗೆಯದ್ದು ಗುಂಡಿ ಒತ್ತಿ ನುಡಿಸುವ ಬುಲ್‌ಬುಲ್ ತರಂಗದ ಜಾತಿ, ಅದಕ್ಕೆ ಕರೆಂಟ್ ಕೊಟ್ಟದ್ದು. ಸೀಗರ್ ಅವರದ್ದು ಚರ್ಮ ಬಿಗಿದ ದುಂಡು ಬುರುಡೆ, ಉದ್ದ ಕೋಲು. ಆಫ್ರಿಕದಿಂದ ಗುಲಾಮರಾಗಿ ಬಂದವರ ಕೈಯಲ್ಲಿ ಹುಟ್ಟಿದ ವಾದ್ಯ. ಸೀಗರ್ ಕೋಲನ್ನು ಇನ್ನೂ ಉದ್ದ ಮಾಡಿಸಿಕೊಂಡಿದ್ದರು. ಚರ್ಮದ ಸುತ್ತ, ಈ ಯಂತ್ರ ದ್ವೇಷವನ್ನು ಸುತ್ತುಗಟ್ಟಿ ಶರಣಾಗಿಸುತ್ತದೆ ಅನ್ನುವ ಅರ್ಥದ ಸಾಲು ಬರೆದಿದ್ದರು. ಸದ್ದಿನಲ್ಲಿ ಮಾತ್ರ ನಿಮ್ಮದೇ ಗೆಲ್ಲುತ್ತದೆ, ಸಂಶಯ ಬೇಡ.

ಅಮೆರಿಕಕ್ಕೆ ಯಾಕೆ ಹೋಗಬೇಕು? ನಮ್ಮ ಪಕ್ಕದಲ್ಲೇ ಗದ್ದರ್ ಇದ್ದರಲ್ಲ. — ಆದೋನಿ

ಖಂಡಿತ ಇದ್ದರು. ನಿಜ ಹೆಸರು ಗುಮ್ಮಡಿ ವಿಠಲ ರಾವ್, ಮೇದಕ್ ಜಿಲ್ಲೆಯ ತೂಪ್ರಾನ್‌ನವರು. ಜನ ನಾಟ್ಯ ಮಂಡಳಿ ಕಟ್ಟಿ, ಹೆಗಲಿಗೆ ಕಂಬಳಿ, ಕೈಗೆ ಕೋಲು, ಕಾಲಿಗೆ ಗೆಜ್ಜೆ ಹಾಕಿ ಕುಣಿದು ಹಾಡಿದವರು. ನಮ್ಮ ಕಡೆಯವರಿಗೆ ಗೊತ್ತಿಲ್ಲದ ಒಂದು ವಿಷಯ ಹೇಳುತ್ತೇನೆ: ಅವರು ಕೆನರಾ ಬ್ಯಾಂಕಿನಲ್ಲಿ ಗುಮಾಸ್ತರಾಗಿದ್ದರು. ಮಂಗಳೂರಿನಲ್ಲಿ 1906ರಲ್ಲಿ ಶುರುವಾದ ಅದೇ ಬ್ಯಾಂಕು! 1984ರಲ್ಲಿ ಕೆಲಸ ಬಿಟ್ಟು ಪೂರ್ತಿ ಹಾಡಿಗೆ ಬಂದರು. 1997ರ ಏಪ್ರಿಲಿನಲ್ಲಿ ಯಾರೋ ಮನೆಗೇ ಬಂದು ಅವರ ಮೇಲೆ ಗುಂಡು ಹಾರಿಸಿದರು. ಒಂದು ಗುಂಡು 2023ರಲ್ಲಿ ತೀರಿಕೊಳ್ಳುವ ತನಕ ಬೆನ್ನಿನಲ್ಲೇ ಇತ್ತು.

ನಕ್ಸಲರ ಬಂದೂಕಿನ ರಾಜಕೀಯವನ್ನು ನಾನು ಒಪ್ಪುವುದಿಲ್ಲ. ಗದ್ದರ್ ಕೂಡ ಕೊನೆಗಾಲದಲ್ಲಿ ಅದರಿಂದ ದೂರ ಸರಿದು, 2018ರಲ್ಲಿ ಮೊದಲ ಬಾರಿ ಮತ ಹಾಕಿದರು. ಆದರೆ ತೆಲಂಗಾಣ ರಾಜ್ಯ ಬೇಕು ಅನ್ನುವ ಚಳವಳಿಯಲ್ಲಿ ಅವರ ಹಾಡನ್ನು ಪಕ್ಷ ನೋಡದೆ ಎಲ್ಲರೂ ಎತ್ತಿಕೊಂಡರು. ಅವರನ್ನು ಒಪ್ಪದವರೂ ಹಾಡುತ್ತಿದ್ದರು. ಆದೋನಿಯಲ್ಲಿ ಕೂತ ನಿಮಗೆ ಅದು ನನಗಿಂತ ಚೆನ್ನಾಗಿ ಗೊತ್ತು.

ನಮ್ಮ ಕಾಸರಗೋಡಿನಲ್ಲಿ ಇಂಥವರು ಯಾರೂ ಇರಲಿಲ್ವಾ? — ಮುಳ್ಳೇರಿಯ

ಇರಲಿಲ್ಲ ಅಂತ ಯಾರು ಹೇಳಿದರು? ಜಿಲ್ಲೆಯ ತೆಂಕು ತುದಿಯ ಸುಬ್ರಹ್ಮಣ್ಯನ್ ತಿರುಮುಂಬು ಅವರಿಗೆ ಮಲಯಾಳದವರು ‘ಹಾಡುವ ಖಡ್ಗ’ ಅಂತಲೇ ಹೆಸರಿಟ್ಟಿದ್ದರು. ಗುರುವಾಯೂರು ದೇವಸ್ಥಾನದೊಳಗೆ ಎಲ್ಲ ಜಾತಿಯವರನ್ನೂ ಬಿಡಬೇಕು ಅಂತ 1931ರಲ್ಲಿ ಸತ್ಯಾಗ್ರಹ ನಡೆಯಿತಲ್ಲ, ಅದಕ್ಕೆ ಕಣ್ಣೂರಿನಿಂದ ಕಾಲ್ನಡಿಗೆಯಲ್ಲಿ ಹೊರಟ ಜಾಥಾದ ಮುಂದಾಳು ಅವರು. ಹುಟ್ಟಿದ್ದು ಇಲ್ಲದ ಮನೆಯಲ್ಲಲ್ಲ, ನಂಬೂದಿರಿಗಳ ಮನೆಯಲ್ಲಿ.

ಅದಕ್ಕೂ ಹಿಂದೆ ಹೋಗಬೇಕೆಂದರೆ, ನಮ್ಮ ಭೂತಕೋಲದ ಹಾಗೆ ವೇಷ ಕಟ್ಟಿ ಕುಣಿಯುವ ಪೊಟ್ಟನ್ ತೆಯ್ಯಂ ನೋಡಿ. ಜಾತಿ ಕೇಳಿ ದಾರಿ ಬಿಡು ಅಂದವನಿಗೆ, ನಿಮ್ಮನ್ನು ಕೊಯ್ದರೂ ನಮ್ಮನ್ನು ಕೊಯ್ದರೂ ಬರುವುದು ಒಂದೇ ರಕ್ತ ಅಲ್ವಾ ಅಂತ ಅದರ ತೋಟ್ಟಂ ಹಾಡಿನಲ್ಲಿ ಕೇಳುತ್ತದೆ. ಕೆಂಡದ ಮೇಲೆ ಮಲಗುವುದನ್ನು ಫೋಟೋ ತೆಗೆಯಲು ಓಡುವ ನಾವು ಹಾಡು ಕೇಳಿಸಿಕೊಳ್ಳುವುದು ಕಡಿಮೆ.

ಕನ್ನಡದಲ್ಲಿ ಕಯ್ಯಾರ ಕಿಞ್ಞಣ್ಣ ರೈಗಳು (1915–2015) ಇದ್ದರು. ಹಾಡುಗಾರರಲ್ಲ, ಕವಿ. ಸ್ವಾತಂತ್ರ್ಯ ಹೋರಾಟಗಾರ, ಅಧ್ಯಾಪಕ, ಕೃಷಿಕ. 1956ರ ನವೆಂಬರ್ 1ಕ್ಕೆ ಕಾಸರಗೋಡು ಕೇರಳಕ್ಕೆ ಹೋದಾಗ ‘ಬೆಂಕಿ ಬಿದ್ದಿದೆ ಮನೆಗೆ’ ಅಂತ ಅವರು ಕೂಗಿದ್ದು ಇಲ್ಲಿನ ಹೋರಾಟದ ಕೂಗೇ ಆಯಿತು. ಇದು ಎಲ್ಲರಿಗೂ ಗೊತ್ತು. ಅದೇ ಕಯ್ಯಾರರು ಮಲಯಾಳದ ಕುಮಾರನ್ ಆಶಾನ್ ಅವರ ಕಾವ್ಯವನ್ನು ಕನ್ನಡಕ್ಕೆ ತಂದವರು ಅನ್ನುವುದನ್ನು ಭಾಷಣಕಾರರು ಹೇಳುವುದಿಲ್ಲ. ಗಡಿಗೆ ಜಗಳ, ಕವಿಗೆ ಪ್ರೀತಿ. ಎರಡೂ ಒಬ್ಬರಲ್ಲೇ ಇತ್ತು.

ನಮ್ಮ ಮನ್ಯಾಗ ಕನ್ನಡ, ಸಾಲ್ಯಾಗ ಮರಾಠಿ. ಅಣ್ಣಾಭಾವು ಸಾಠೆ ಅವರ ಜಯಂತಿ ನಮ್ಮ ಊರಾಗೂ ಜೋರಾಗಿ ಆಗತೈತಿ. ಅವರ ‘ಮಾಝಿ ಮೈನಾ’ ಹಾಡಿನ್ಯಾಗ ಬೆಳಗಾವಿ, ಕಾರವಾರ ಬೇಕು ಅಂತ ಬರತೈತಿ. ನಾವು ಕನ್ನಡದವ್ರು ಅದನ್ನ ಹಾಡಬೇಕೋ ಬ್ಯಾಡೋ? — ಅಕ್ಕಲಕೋಟೆ

ಈ ಸಲ ಬಂದ ಪತ್ರಗಳಲ್ಲಿ ನನ್ನನ್ನು ಜಾಸ್ತಿ ಹೊತ್ತು ಕೂರಿಸಿದ್ದು ನಿಮ್ಮದು.

ಗೊತ್ತಿಲ್ಲದವರಿಗೆ ಎರಡು ಮಾತು. ಅಣ್ಣಾಭಾವು ಸಾಠೆ (1920–1969) ಸಾಂಗಲಿ ಜಿಲ್ಲೆಯ ವಾಟೆಗಾಂವಿನವರು, ಮಾಂಗ ಸಮಾಜದವರು. ಶಾಲೆ ಕಂಡದ್ದು ಕಡಿಮೆ. ಮುಂಬೈಗೆ ಹೋಗಿ ಗಿರಣಿಯಲ್ಲಿ ದುಡಿದರು, ಘಾಟ್ಕೋಪರಿನ ಚಿರಾಗ್ ನಗರದ ಗುಡಿಸಲಲ್ಲಿ ಬದುಕಿದರು. 1944ರಲ್ಲಿ ಅಮರ್ ಶೇಖ್, ಗವಾಣಕರ್ ಜೊತೆ ಸೇರಿ ಲಾಲ್ ಬಾವಟಾ ಕಲಾಪಥಕ ಕಟ್ಟಿದರು. ಪೊವಾಡ, ಲಾವಣಿ, ತಮಾಷಾ, ಎಲ್ಲವನ್ನೂ ಕಾರ್ಮಿಕರ ಮಾತಿಗೆ ತಿರುಗಿಸಿದರು. ಸಂಯುಕ್ತ ಮಹಾರಾಷ್ಟ್ರ ಚಳವಳಿಯಲ್ಲಿ ಅವರ ಈ ಲಾವಣಿ ಮೈದಾನ ತುಂಬಿಸುತ್ತಿತ್ತು. ಹೊಟ್ಟೆಪಾಡಿಗೆ ಮುಂಬೈಗೆ ಬಂದವನೊಬ್ಬ ಊರಲ್ಲಿ ಬಿಟ್ಟುಬಂದ ಹೆಂಡತಿಯನ್ನು ನೆನೆಯುತ್ತಾನೆ. ಹಾಡಿನ ಕೊನೆಗೆ ಆ ಅಗಲಿಕೆಯೇ ತುಂಡಾದ ಮಹಾರಾಷ್ಟ್ರದ್ದೂ ಆಗುತ್ತದೆ, ಅಲ್ಲಿ ಬೆಳಗಾವಿ, ಕಾರವಾರ, ನಿಪ್ಪಾಣಿಯ ಹೆಸರು ಬರುತ್ತದೆ.

ಈಗ ನೋಡಿ. ಇಲ್ಲಿ ಕಯ್ಯಾರರು ಮನೆಗೆ ಬೆಂಕಿ ಬಿತ್ತು ಅಂದ ಕಾಲಕ್ಕೇ ಅಲ್ಲಿ ಸಾಠೆ ಮೈನಾ ಅಗಲಿದಳು ಅಂತ ಹಾಡಿದರು. ಒಬ್ಬರಿಗೆ ಕಾಸರಗೋಡು, ಇನ್ನೊಬ್ಬರಿಗೆ ಬೆಳಗಾವಿ. 1967ರ ಮಹಾಜನ ವರದಿ ಬೆಳಗಾವಿ ನಗರ ಮೈಸೂರಲ್ಲೇ ಇರಲಿ ಅಂತು, ಚಂದ್ರಗಿರಿ ಹೊಳೆಯಿಂದ ಬಡಗಿನ ಕಾಸರಗೋಡು, ನಿಮ್ಮ ಅಕ್ಕಲಕೋಟೆ ಎರಡೂ ಮೈಸೂರಿಗೆ ಬರಲಿ ಅಂತು. ಜಾರಿಯಾಗಲಿಲ್ಲ. ನಾವಿಬ್ಬರೂ ಇದ್ದಲ್ಲೇ ಇದ್ದೇವೆ.

ಕೊನೆಯ ಸಾಲುಗಳು ನಮಗೆ ಚುಚ್ಚುತ್ತವೆ, ಚುಚ್ಚಬೇಕಾದದ್ದೇ. ಆದರೆ ಅದಕ್ಕೆ ಮೊದಲಿನ ಹಾಡೆಲ್ಲ ಯಾರದ್ದು? ಅಕ್ಕಲಕೋಟೆಯಿಂದ, ಜತ್ತದಿಂದ ಮುಂಬೈ ಗಿರಣಿಗೆ ಹೋದ ಕನ್ನಡದವನದ್ದೂ ಹೌದು ತಾನೆ. ಮಂಜೇಶ್ವರ, ಉಪ್ಪಳದಿಂದ ಮುಂಬೈ ಹೋಟೆಲಿಗೆ, ಆಮೇಲೆ ಗಲ್ಫಿಗೆ ಹೋದವರದ್ದೂ. ನನ್ನನ್ನು ಕೇಳಿದರೆ ಜಯಂತಿಯಲ್ಲಿ ಹಾಡಿ. ಕೊನೆಯ ಸಾಲು ಬಂದಾಗ ಬಾಯಿ ಮುಚ್ಚಿಕೊಳ್ಳುವ ಹಕ್ಕು ನಿಮಗಿದೆ. ಪಕ್ಕದಲ್ಲಿ ನಿಂತ ಮರಾಠಿ ಗೆಳೆಯ ಯಾಕೆ ಅಂತ ಕೇಳಿದರೆ ಇನ್ನೂ ಒಳ್ಳೆಯದು, ಕೂತು ಮಾತಾಡಿ.

ನಾನು ಎಣ್ಮಕಜೆ ಪಂಚಾಯತಿನವನು. ಎಂಡೋಸಲ್ಫಾನ್ ಕೀಟನಾಶಕದ ಸಂತ್ರಸ್ತರ ಧರಣಿಗೆಂದು ಎರಡು ಹಾಡು ಬರೆದೆ, ಕನ್ನಡದಲ್ಲಿ ಒಂದು, ತುಳುವಿನಲ್ಲಿ ಒಂದು. ಜನ ಚಪ್ಪಾಳೆ ಹೊಡೆದರು, ಯಾರೂ ಜೊತೆಗೆ ಹಾಡಲಿಲ್ಲ. ಗೆಳೆಯರು ನೀನು ಯಾವ ಪಕ್ಷ ಅಂತ ಕೇಳುತ್ತಾರೆ. ಅಪ್ಪ ಇದೆಲ್ಲ ಬೇಡ, ಕೇಸು ಬೀಳುತ್ತದೆ ಅನ್ನುತ್ತಾರೆ. ಯೂಟ್ಯೂಬಿಗೆ ಹಾಕಲಾ? ಹಾಡು ಜೊತೆಗಿಟ್ಟಿದ್ದೇನೆ. — ಎಣ್ಮಕಜೆ

ಎರಡನ್ನೂ ಓದಿದೆ ತಮ್ಮಾ. ಬೇಜಾರು ಮಾಡಿಕೊಳ್ಳಬೇಡಿ, ಕನ್ನಡದ್ದು ಹಾಡಲ್ಲ, ಭಾಷಣ. ಮೊದಲ ಸಾಲಲ್ಲೇ ‘ಮಾರಣಹೋಮ’, ಎರಡನೆಯದರಲ್ಲಿ ‘ವಿಷವರ್ಷಿಣಿ’. ಬೆಳಗ್ಗಿನಿಂದ ಮಗುವನ್ನು ಮಡಿಲಲ್ಲಿ ಇಟ್ಟುಕೊಂಡು ಚಾಪೆಯ ಮೇಲೆ ಕೂತ ತಾಯಿಗೆ ಆ ಮಾತು ಬಾಯಿಗೆ ಬರುವುದಿಲ್ಲ. ಪಲ್ಲವಿ ನಾಲ್ಕು ಸಾಲು, ನಾಲ್ಕೂ ಬೇರೆ ಬೇರೆ. ಜನ ಹೇಗೆ ಸೇರಿಕೊಳ್ಳಬೇಕು? ಚಪ್ಪಾಳೆ ಬಿಟ್ಟು ಅವರಿಗೆ ಬೇರೆ ದಾರಿಯೇ ಇರಲಿಲ್ಲ.

ತುಳುವಿನದ್ದು ಬೇರೆಯೇ ಇದೆ. ಹೆಲಿಕಾಪ್ಟರು ಬರುವ ಮೊದಲು ಬಾವಿಗೆ ಮುಚ್ಚಲು ಏನಿತ್ತು ಅಂತ ಅಜ್ಜಿಯನ್ನು ಕೇಳುವ ಭಾಗ ಓದಿ ನಾನು ಪತ್ರ ಕೆಳಗಿಟ್ಟೆ. ಅದನ್ನು ಹಿಡಿದುಕೊಳ್ಳಿ. ಗದ್ದೆಯಲ್ಲಿ ನೇಜಿ ನೆಡುವಾಗ ಓಬೇಲೆ ಹಾಡು ಹೇಗೆ ಹೇಳುತ್ತಾರೆ? ಒಬ್ಬರು ಸಾಲು ಎತ್ತುತ್ತಾರೆ, ಉಳಿದವರು ಅದೇ ಸೊಲ್ಲು ತಿರುಗಿ ಕೊಡುತ್ತಾರೆ. ಯಾರೂ ಬಾಯಿಪಾಠ ಮಾಡಬೇಕಾಗಿಲ್ಲ. ಸೀಗರ್ ಮಾಡುತ್ತಿದ್ದದ್ದೂ ಅದೇ. ಮುಂದಿನ ಸಾಲನ್ನು ಹಾಡುವ ಮೊದಲೇ ಮಾತಿನಲ್ಲಿ ಹೇಳಿಕೊಡುತ್ತಿದ್ದರು, ಸಭೆ ಹಾಡಲು ಶುರು ಮಾಡಿದ ಮೇಲೆ ತನ್ನ ದನಿ ಇಳಿಸಿಬಿಡುತ್ತಿದ್ದರು. ನಿಮ್ಮ ಅಜ್ಜಿಯ ಪ್ರಶ್ನೆಯನ್ನೇ ಪಲ್ಲವಿ ಮಾಡಿ, ಒಂದೇ ಸಾಲು. ಅದನ್ನು ಮಲಯಾಳದಲ್ಲೂ ಮಾಡಿಸಿಕೊಳ್ಳಿ. ಧರಣಿಯಲ್ಲಿ ಕೂತ ಅರ್ಧ ಜನ ಮಲಯಾಳದವರು, ಕೇಳಿಸಿಕೊಳ್ಳಬೇಕಾದ ಅಧಿಕಾರಿಯೂ ಮಲಯಾಳದವರು.

ವಿಷಯ ಎಲ್ಲವನ್ನೂ ಒಂದೇ ಹಾಡಿಗೆ ತುರುಕಬೇಡಿ. ಗೇರು ತೋಟದ ಮೇಲೆ 1970ರ ದಶಕದ ಕೊನೆಯಿಂದ 2000ದ ತನಕ ಹೆಲಿಕಾಪ್ಟರಿನಿಂದ ಸಿಂಪಡಿಸಿದ್ದು ಒಂದು ಚರಣ. 2011ರಲ್ಲಿ ಸುಪ್ರೀಂ ಕೋರ್ಟು ತಡೆದದ್ದು ಒಂದು ಚರಣ. 2017ರ ಜನವರಿಯಲ್ಲಿ ಅದೇ ಕೋರ್ಟು ಮೂರು ತಿಂಗಳೊಳಗೆ ತಲಾ 5 ಲಕ್ಷ ಕೊಡಿ ಅಂದದ್ದು, ಆಮೇಲೂ ತಾಯಂದಿರು ಬೀದಿಯಲ್ಲಿ ಕೂರಬೇಕಾಗಿ ಬಂದದ್ದು ಇನ್ನೊಂದು ಚರಣ. ಮಕ್ಕಳ ಹೆಸರು ಹಾಡಿಗೆ ಬೇಡ. ಅವರ ಮುಖ ವಿಡಿಯೋಗೂ ಬೇಡ, ಈಗಾಗಲೇ ಕ್ಯಾಮರಾದವರು ಬೇಕಾದಷ್ಟು ತೆಗೆದುಕೊಂಡು ಹೋಗಿದ್ದಾರೆ. ಯೂಟ್ಯೂಬಿಗೆ ಹಾಕುವುದಾದರೆ ಧರಣಿಯವರನ್ನು ಕೇಳಿ ಹಾಕಿ, ನಿಮ್ಮ ದನಿ ಮತ್ತು ತೋಟದ ಗುಡ್ಡೆ ಇದ್ದರೆ ಸಾಕು.

ಯಾವ ಪಕ್ಷ ಅಂತ ಕೇಳುವ ಗೆಳೆಯರಿಗೆ ಒಂದು ಲೆಕ್ಕ ಹೇಳಿ. ಸಿಂಪಡಿಸಿದ ಆ ಇಪ್ಪತ್ತು ಚಿಲ್ಲರೆ ವರ್ಷದಲ್ಲಿ ಕೇರಳದಲ್ಲಿ ಎರಡು ರಂಗದವರೂ ಸರ್ಕಾರ ನಡೆಸಿದ್ದಾರೆ. ತೋಟ ಸರ್ಕಾರದ್ದೇ ನಿಗಮದ್ದು. ನಿಮ್ಮ ಹಾಡು ಯಾರ ವಿರುದ್ಧ ಅಂತ ಅವರೇ ಕೂಡಿಸಿ ನೋಡಲಿ.

ಸೀಗರ್ ಕತೆಯಲ್ಲಿ ನಿಮಗೆ ತೀರಾ ಹತ್ತಿರದ ಭಾಗ ಕಳೆದ ಸಲ ಜಾಗ ಸಾಲದೆ ಬಿಟ್ಟುಹೋಗಿತ್ತು. ಅವರ ಮನೆ ಹಡ್ಸನ್ ನದಿಯ ದಡದ ಬೀಕನ್ ಊರಲ್ಲಿ. ಮೇಲಿನ ಊರುಗಳಲ್ಲಿದ್ದ ಜನರಲ್ ಎಲೆಕ್ಟ್ರಿಕ್ ಕಂಪನಿಯ ಎರಡು ಕಾರ್ಖಾನೆಗಳು ಸುಮಾರು ಮೂವತ್ತು ವರ್ಷ ಪಿಸಿಬಿ ಎಂಬ ವಿಷವನ್ನು ಆ ನದಿಗೆ ಬಿಟ್ಟವು. ಊರ ಕೊಳಚೆಯೂ ಅಲ್ಲಿಗೇ. ಸೀಗರ್ ಹಾಡಿ ದುಡ್ಡು ಕೂಡಿಸಿ, ಊರಿನವರನ್ನು ಸೇರಿಸಿ, 1969ರಲ್ಲಿ ಹಳೆಯ ಕಾಲದ ಮಾದರಿಯ 106 ಅಡಿ ಉದ್ದದ ಹಾಯಿದೋಣಿ ನೀರಿಗಿಳಿಸಿದರು. ಹೆಸರು ಕ್ಲಿಯರ್‌ವಾಟರ್. ಶಾಲೆ ಮಕ್ಕಳನ್ನು ಹತ್ತಿಸಿ, ಬಲೆ ಹಾಕಿ ಮೀನು ತೋರಿಸಿ, ನೀರು ತೋರಿಸಿ ಇಳಿಸುವುದು. ದೋಣಿ ದಡಕ್ಕೆ ಬಂದಲ್ಲಿ ಹಾಡು, ಊಟ, ಸಭೆ. ಇವನು ಕಮ್ಯುನಿಸ್ಟ್ ಅಂತ ದೂರ ನಿಂತವರೂ ನದಿ ನೋಡಲು ಬಂದರು. ನದಿಯ ತಳದ ವಿಷ ಎತ್ತುವ ಕೆಲಸ ಶುರುವಾಗುವಾಗ 2009. ಅಷ್ಟು ತಡ. ಆಗ ಸೀಗರ್‌ಗೆ 90 ವರ್ಷ.

ಅಪ್ಪನ ಹೆದರಿಕೆಯನ್ನು ನಗೆಯಾಡಬೇಡಿ, ಅವರು ಕಂಡದ್ದು ನಿಮಗಿಂತ ಜಾಸ್ತಿ. ಒಂದು ದಿನ ಧರಣಿಗೆ ಕರೆದುಕೊಂಡು ಹೋಗಿ, ಹಿಂದೆ ಕೂರಿಸಿ. ಇನ್ನೊಂದು ಮಾತು. ಸೀಗರ್ ಊರೂರು ತಿರುಗುವಾಗ ಕಾರ್ಯಕ್ರಮ ಗೊತ್ತುಮಾಡಿದ್ದು, ಲೆಕ್ಕ ಬರೆದದ್ದು, ಮನೆ ನಡೆಸಿದ್ದು ಹೆಂಡತಿ ತೋಶಿ. ಹಾಡುಗಾರರ ಕತೆಯಲ್ಲಿ ಈ ಭಾಗ ಸಣ್ಣ ಅಕ್ಷರದಲ್ಲಿ ಬರುತ್ತದೆ. ನಿಮ್ಮ ಮನೆಯಲ್ಲಿ ಆ ಕೆಲಸ ಯಾರ ತಲೆಗೆ ಬೀಳುತ್ತದೆ ಅಂತ ಮೊದಲೇ ನೋಡಿಕೊಳ್ಳಿ.

ಸೀಗರ್ ಹಾಡು ಕೇಳಲು ಎಲ್ಲಿಂದ ಶುರು ಮಾಡಲಿ? ಇಂಗ್ಲಿಷ್ ಅಷ್ಟು ಬಾರದು. — ಬದಿಯಡ್ಕ

1963ರ ಜೂನಿನಲ್ಲಿ ನ್ಯೂಯಾರ್ಕಿನ ಕಾರ್ನೆಗಿ ಹಾಲ್‌ನಲ್ಲಿ ನಡೆದ ಕಛೇರಿಯ ಧ್ವನಿಮುದ್ರಣ ಹುಡುಕಿ, ಸುಲಭದಲ್ಲಿ ಸಿಗುತ್ತದೆ. ಇಂಗ್ಲಿಷ್ ಬಾರದಿದ್ದರೆ ನಷ್ಟ ಇಲ್ಲ. ಸ್ಟುಡಿಯೋದಲ್ಲಿ ಮಾಡಿದ್ದನ್ನು ಮಾತ್ರ ಮೊದಲು ಕೇಳಬೇಡಿ, ಅದರಲ್ಲಿ ಸಭೆಯ ದನಿ ಇರುವುದಿಲ್ಲ.